ಒಂದು ಸೆಂಟಿಮೀಟರ್ ಜಾಸ್ತಿ

ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಎಲ್ಲ ವರ್ಷವೂ ಮೊದಲು ನಿಂತವನು ನಾನೇ. ಎತ್ತರದ ಪ್ರಕಾರ ನಿಲ್ಲಿಸುತ್ತಿದ್ದರಲ್ಲ, ಆ ಜಾಗಕ್ಕೆ ಪೈಪೋಟಿಯೇ ಇರಲಿಲ್ಲ. ಕ್ರೀಡಾಕೂಟ ಬಂದರೆ ಟೇಪ್ ಹಿಡಿಯುವುದು ನನ್ನ ಕೆಲಸ. ಬೇರೆಯವರ ಎಸೆತ ಅಳೆಯುವುದು.

ಎಂಟನೇ ತರಗತಿಯ ಒಂದು ಸಂಜೆ, ಎಲ್ಲರೂ ಹೋದ ಮೇಲೆ, ಸುಮ್ನೆ ಗುಂಡು ಎಸೆತದ ಗುಂಡು ಎತ್ತಿ ಎಸೆದೆ. ಎಸೆದೆ ಅನ್ನುವುದು ದೊಡ್ಡ ಮಾತು, ಕಾಲ ಬುಡದಲ್ಲೇ ಬಿತ್ತು. ಹಿಂದೆ ಪಿ.ಟಿ. ಸರ್ ನಿಂತಿದ್ದರು. "ಗುಂಡನ್ನ ಎಸೆಯೋದಲ್ಲ ಕಣೋ, ತಳ್ಳೋದು" ಅಂದರು. ಅಷ್ಟೇ. ಮರುದಿನದಿಂದ ಟೇಪ್ ಬೇರೆಯವರ ಕೈಗೆ ಹೋಯಿತು.

ನನ್ನ ಬೆರಳು ಗಿಡ್ಡ. ಗುಂಡು ಬೆರಳ ಬುಡದಲ್ಲಿ ಕೂರಬೇಕು, ನನಗೆ ಅಂಗೈಗೆ ಜಾರುತ್ತಿತ್ತು. ಮೊಣಕೈ ಪೂರ್ತಿ ನೆಟ್ಟಗಾಗುವುದಿಲ್ಲ. ಕೈ ಗಿಡ್ಡವಾದರೆ ಗುಂಡಿಗೆ ವೇಗ ತುಂಬಲು ಸಿಗುವ ದಾರಿಯೂ ಗಿಡ್ಡ. ಅದಕ್ಕೇ ಸರ್ ಕೈಯ ಚಿಂತೆ ಬಿಟ್ಟು ನನ್ನ ತೊಡೆ, ಸೊಂಟದ ಬೆನ್ನು ಹತ್ತಿದರು. ಇನ್ನು ನಿಂತು ಎಸೆಯುವ ವೃತ್ತ. 2.135 ಮೀಟರ್ ಅಗಲ, ಎಲ್ಲರಿಗೂ ಅಷ್ಟೇ. ಉದ್ದ ಕಾಲಿನ ಹುಡುಗರು ಒಂದೇ ಸಲ ಜಾರಿ ಮುಂದಿನ ಅಂಚಿನ ಹಲಗೆ ಮುಟ್ಟುತ್ತಿದ್ದರು. ನನಗೆ ಅದು ದೊಡ್ಡ ಅಂಗಳ. ಹಿಂದಿನ ಅಂಚು ಬಿಟ್ಟು ನಡುವಿಗೆ ಹತ್ತಿರ ನಿಂತು ಶುರು ಮಾಡಲು ಕಲಿತೆ. ಇದನ್ನು ಕಂಡುಕೊಳ್ಳಲು ನಮ್ಮಿಬ್ಬರಿಗೂ ಒಂದು ವರ್ಷ ಹಿಡಿಯಿತು!

ಪ್ಯಾರಾ ಕ್ರೀಡೆಗೆ, ಅಂದರೆ ಅಂಗವಿಕಲರ ಕ್ರೀಡೆಗೆ, ಬಂದಿದ್ದು ಕಾಲೇಜಿನಲ್ಲಿ. "ಕೂತು ಎಸೀತೀಯಾ?" ಅಂತ ಎಷ್ಟೋ ಜನ ಕೇಳಿದ್ದಾರೆ. ಇಲ್ಲ, ನಿಂತೇ. ಕುಳ್ಳಗಿರುವವರಿಗೆ ಎಸೆತದಲ್ಲಿ ಎಫ್40, ಎಫ್41 ಅಂತ ಎರಡು ವರ್ಗ. ಗಂಡಸರಿಗೆ ಗುಂಡು 4 ಕೆ.ಜಿ., ಜಾವೆಲಿನ್ 600 ಗ್ರಾಂ. ಎಫ್40ಗೆ ಎತ್ತರ 130 ಸೆಂ.ಮೀ. ದಾಟಬಾರದು, ತೋಳು 59 ದಾಟಬಾರದು, ಎರಡೂ ಕೂಡಿ 180 ದಾಟಬಾರದು. ನನ್ನ ಎತ್ತರ 128. ತೋಳು 53. ಕೂಡಿಸಿ ನೋಡಿ.

181. ಎಫ್41ಕ್ಕೆ ಹೋದೆ. ಅಲ್ಲಿ 145 ಸೆಂ.ಮೀ. ಎತ್ತರದವರೂ ಇರುತ್ತಾರೆ. ಅಳತೆ ಮುಗಿಸಿ ಹೊರಗೆ ಬಂದು ಸರ್‌ಗೆ ಫೋನ್ ಮಾಡಿ ಅತ್ತೇಬಿಟ್ಟೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಗು. "ಉದ್ದ ಜಾಸ್ತಿ ಆಯ್ತು ಅಂತ ನೀನು ಅಳ್ತಿದ್ದೀಯಲ್ಲೋ!" ನನಗೂ ನಗು ಬಂತು.

ಪದಕದ ಪಟ್ಟಿ ಕೊಡುವಷ್ಟು ನನ್ನ ಹತ್ತಿರ ಇಲ್ಲ. ರಾಜ್ಯ ಮಟ್ಟದಲ್ಲಿ ಎರಡು, ಅದರಲ್ಲಿ ಒಂದು ಸಲ ಇದ್ದವರೇ ಮೂರು ಜನ. ನನ್ನ ಹಾಗೇ ಕುಳ್ಳಗಿರುವ ಕರ್ನಾಟಕದ ಪ್ಯಾರಾ ಕ್ರೀಡಾಪಟು ಕೆ.ವೈ. ವೆಂಕಟೇಶ್ ಅವರಿಗೆ 2021ರ ಪದ್ಮಶ್ರೀ ಬಂದಾಗ ಸರ್ ಪೇಪರಿನ ಆ ಪುಟ ಕತ್ತರಿಸಿ ಇಟ್ಟುಕೊಂಡರು. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತದ ನವದೀಪ್ ಸಿಂಗ್ ಜಾವೆಲಿನನ್ನು 47.32 ಮೀಟರ್ ಎಸೆದರು. ಮೊದಲು ಬೆಳ್ಳಿ, ಇರಾನಿನ ಸ್ಪರ್ಧಿ ಅನರ್ಹರಾದ ಮೇಲೆ ಚಿನ್ನ. ಅವರದ್ದೂ ಎಫ್41. ಈ ಸಲ ಫೋನ್ ಮಾಡಿದ್ದು ಸರ್. "ನೋಡಿದ್ಯಾ, ನಿನ್ನ ವರ್ಗದವನು!"

ಗುಂಡಿನಲ್ಲಿ ನನ್ನ ದೂರದ ಎಸೆತ 7.84 ಮೀಟರ್. ಸರ್ ಈಗಿನ ಮಕ್ಕಳಿಗೆ ಹೇಳುವಾಗ ಅದು 8 ಆಗಿರುತ್ತದೆ. ಟೇಪ್ ಹಿಡಿದು ಬೆಳೆದವನಾದರೂ, ನಾನು ತಿದ್ದಲು ಹೋಗಿಲ್ಲ.