ಹನ್ನೊಂದನೇ ಕ್ಲಾಸು, ಬೇಸಿಗೆ ವಿಜ್ಞಾನ ಶಿಬಿರ ಮತ್ತು ಒಂದು ಶಿಫಾರಸು ಪತ್ರ

ಪುಣೆಯಲ್ಲಿ ಹತ್ತನೇ ಕ್ಲಾಸಿನ ಫಲಿತಾಂಶ ಬಂತೆಂದರೆ ಜೆಇಇ ಕೋಚಿಂಗ್‌ನವರ ಫೋನು ನಿಲ್ಲುವುದೇ ಇಲ್ಲ. ಆ ಗದ್ದಲದ ನಡುವೆ ನನ್ನ ಮಗಳು ಬೇಸಿಗೆ ವಿಜ್ಞಾನ ಶಿಬಿರಗಳಿಗೆ ಅರ್ಜಿ ಹಾಕುವ ಕೆಲಸ ಹಿಡಿದಳು. ಧಾರವಾಡದಿಂದ ತಂಗಿ, "ಅಕ್ಕಾ, ನಮ್ಮ ಹುಡುಗಗೂ ಆಗ್ತದೇನು?" ಎಂದು ಕೇಳುತ್ತಲೇ ಇದ್ದಾಳೆ. ಆಗುತ್ತದೆ. ಹೇಗೆಂದು ಹೇಳುತ್ತೇನೆ.

ಈ ಊರಿನ ಮಕ್ಕಳಿಗೆ ಐಯುಕಾ ಇದೆ. 1988ರಲ್ಲಿ ಜಯಂತ ನಾರ್ಳೀಕರ್ ಅವರ ಮುಂದಾಳತ್ವದಲ್ಲಿ ಶುರುವಾದ ಖಗೋಳ ಸಂಸ್ಥೆ ಅದು. ಬೇಸಿಗೆಯಲ್ಲಿ ಎಂಟರಿಂದ ಹತ್ತನೇ ಕ್ಲಾಸಿನ ಮಕ್ಕಳು ಅಲ್ಲಿ ಒಂದು ವಾರ ವಿಜ್ಞಾನಿಯೊಬ್ಬರ ಜತೆ ಕೂತು ಏನಾದರೊಂದು ಮಾಡುತ್ತಾರೆ. ಗೊತ್ತುಮಾಡಿದ ಸಿಲಬಸ್ ಇಲ್ಲ. ಮಗಳು ಹೋಗಿಬಂದ ಮೇಲೆ ಮನೆಯ ತಾರಸಿಯೇ ಅವಳ ಪ್ರಯೋಗಶಾಲೆಯಾಯಿತು. ರಟ್ಟಿಗೆ ಸೂಜಿಯಲ್ಲಿ ತೂತು ಮಾಡಿ, ಎರಡು ಮೀಟರ್ ದೂರದ ಬಿಳಿ ಹಾಳೆಯ ಮೇಲೆ ಸೂರ್ಯನ ಬಿಂಬ ಬೀಳಿಸಿದಳು. ಬಿಂಬದ ಅಗಲ ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಕಡಿಮೆ. ಸೂರ್ಯನ ದೂರ ಸುಮಾರು 15 ಕೋಟಿ ಕಿಲೋಮೀಟರ್ ಎಂದು ಗೊತ್ತಿದ್ದರೆ ಸಾಕು, ಅದೇ ಪ್ರಮಾಣದಲ್ಲಿ ಅವನ ಅಗಲ ಸುಮಾರು 14 ಲಕ್ಷ ಕಿಲೋಮೀಟರ್ ಎಂದು ಸಿಗುತ್ತದೆ. ತೂತು ದೊಡ್ಡದು ಮಾಡಿದರೆ ಬಿಂಬ ಬೆಳಗುತ್ತದೆ, ಆದರೆ ಅಂಚು ಮಸುಕು. ತೀರಾ ಸಣ್ಣದು ಮಾಡಿದರೂ ಮಸುಕೇ! ಯಾಕೆ ಅಂತ ವಾರಗಟ್ಟಲೆ ತಲೆ ಕೆಡಿಸಿಕೊಂಡಳು. ಮುಂದೆ ಅರ್ಜಿಯಲ್ಲಿ ಬರೆದದ್ದು ಇದನ್ನೇ.

ಯಾಕೆಂದರೆ ಒಳ್ಳೆಯ ಶಿಬಿರಗಳು ಅಂಕಪಟ್ಟಿ ನೋಡಿ ಅಲ್ಲಿಗೇ ಸುಮ್ಮನಾಗುವುದಿಲ್ಲ. ಅಮೆರಿಕದಲ್ಲಿ 1959ರಿಂದ ನಡೆಯುತ್ತಿರುವ ಸಮ್ಮರ್ ಸೈನ್ಸ್ ಪ್ರೋಗ್ರಾಂನಲ್ಲಿ ಮಕ್ಕಳು ತಾವೇ ದೂರದರ್ಶಕದಲ್ಲಿ ಕ್ಷುದ್ರಗ್ರಹವೊಂದನ್ನು ಗಮನಿಸಿ ಅದರ ಕಕ್ಷೆ ಲೆಕ್ಕ ಹಾಕುತ್ತಾರೆ. ಬಾಸ್ಟನ್‌ನ ಪ್ರಾಮಿಸ್ ಗಣಿತ ಶಿಬಿರ ಅರ್ಜಿಯ ಜತೆಗೇ ಕಷ್ಟದ ಲೆಕ್ಕಗಳನ್ನು ಕೊಡುತ್ತದೆ. ಯಾರನ್ನೂ ಕೇಳದೆ ಬಿಡಿಸಬೇಕು. ಪೂರ್ತಿ ಬರದಿದ್ದರೂ ಎಲ್ಲಿಯವರೆಗೆ ಯೋಚಿಸಿದೆ ಅಂತ ಬರೆಯಬೇಕು. ಇದೇ ಪ್ರಾಮಿಸ್‌ನ ಭಾರತದ ಶಿಬಿರ ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲೇ ನಡೆದಿದೆ. ನಮ್ಮ ಕಡೆಯವರು ಇದನ್ನು ಗಮನಿಸಲೇಬೇಕು. ಹಣ ಕಟ್ಟಿದವರಿಗೆಲ್ಲ ಸೀಟು ಕೊಡುವ ಶಿಬಿರಗಳೂ ಬೇಕಾದಷ್ಟಿವೆ. ಅವುಗಳಿಗೆ ಲಕ್ಷಗಟ್ಟಲೆ ಸುರಿಯಬೇಡಿ.

ನಮಗೆ ನಿಜಕ್ಕೂ ಕಷ್ಟವಾದದ್ದು ಇಂಥ ಅರ್ಜಿಗಳ ಜತೆ ಕೇಳುವ ಶಿಫಾರಸು ಪತ್ರ. ಮಗುವನ್ನು ಹತ್ತಿರದಿಂದ ಬಲ್ಲ ಮೇಷ್ಟ್ರು ಬರೆಯಬೇಕು. ಇಲ್ಲಿ ಹನ್ನೊಂದು, ಹನ್ನೆರಡರ ಬಹಳ ಮಕ್ಕಳಿಗೆ ಜೂನಿಯರ್ ಕಾಲೇಜು ಹೆಸರಿಗೆ ಮಾತ್ರ. ಇಡೀ ದಿನ ಕೋಚಿಂಗ್‌ನಲ್ಲಿ. ಅಲ್ಲಿ ನೂರಾರು ಮಕ್ಕಳು, ರೋಲ್ ನಂಬರು, ವಾರದ ಟೆಸ್ಟಿನ ರ‍್ಯಾಂಕು. ಮಗಳ ಕಾಲೇಜಿನಲ್ಲಿ ಕೇಳಿದರೆ, "ನೀವೇ ಬರೆದು ತನ್ನಿ, ಸಹಿ ಹಾಕ್ತೀವಿ" ಎಂದರು. ನನಗೆ ತುಂಬಾ ಬೇಜಾರಾಯಿತು. ಎರಡು ವರ್ಷ ಓದುವ ಹುಡುಗಿಯ ಬಗ್ಗೆ ನಾಲ್ಕು ಮಾತು ಹೇಳಬಲ್ಲವರು ಒಬ್ಬರೂ ಇಲ್ಲ ಅಂದರೆ ಏನರ್ಥ? ಕೊನೆಗೆ ಬರೆದುಕೊಟ್ಟವರು ಒಂಬತ್ತನೇ ಕ್ಲಾಸಿನ ವಿಜ್ಞಾನದ ಬಾಯಿ. ಮರಾಠಿ ಶಾಲೆಗಳಲ್ಲಿ ಟೀಚರನ್ನು ಹಾಗೇ ಕರೆಯುತ್ತಾರೆ. ತಾರಸಿಯ ಅಳತೆಗಳ ಪುಸ್ತಕವನ್ನು ಅವರು ಆಗಲೇ ತಿದ್ದಿದ್ದರು. ಯಾವ ಅಳತೆ ತಪ್ಪಿತ್ತು, ಹುಡುಗಿ ಅದನ್ನು ಹೇಗೆ ಹಿಡಿದಳು ಎಂಬುದೂ ಅವರಿಗೆ ನೆನಪಿತ್ತು.

ಈ ವಿಷಯದಲ್ಲಿ ಊರಿನ ಸಣ್ಣ ಶಾಲೆಗಳ ಮಕ್ಕಳಿಗೇ ಅನುಕೂಲ ಜಾಸ್ತಿ ಅಂತ ನನಗನಿಸುತ್ತದೆ. ಅಲ್ಲಿ ಮೇಷ್ಟ್ರಿಗೆ ಮಗುವಿನ ಹೆಸರೂ ಗೊತ್ತು, ಮನೆಯೂ ಗೊತ್ತು, ಅಲ್ವಾ? ಪತ್ರದ ಇಂಗ್ಲಿಷ್ ಸರಳವಾಗಿದ್ದರೆ ಸಾಕು, ಕಂಡದ್ದನ್ನು ಬರೆಯಲಿ. ಒಂಬತ್ತನೇ ಕ್ಲಾಸಿನವರಿಗೆ ಇಸ್ರೋದ ಯುವಿಕಾ ಎಂಬ ಬಾಹ್ಯಾಕಾಶ ವಿಜ್ಞಾನ ಶಿಬಿರ ಇದೆ. 2019ರಲ್ಲಿ ಶುರುವಾದ ಅದರ ಆಯ್ಕೆಯಲ್ಲಿ ಹಳ್ಳಿ ಶಾಲೆಯ ಮಕ್ಕಳಿಗೆ ಹೆಚ್ಚಿನ ಅಂಕವೂ ಸಿಗುತ್ತದೆ. ತಂಗಿಯ ಮಗ ಈಗ ಎಂಟರಲ್ಲಿದ್ದಾನೆ. ಈ ವರ್ಷದ ಅಂಕವೇ ಅದಕ್ಕೆ ಲೆಕ್ಕಕ್ಕೆ ಬರುವುದರಿಂದ, ಅವನ ಮೇಷ್ಟ್ರ ಹತ್ತಿರ ಈಗಲೇ ಮಾತಾಡು ಎಂದು ಅವಳಿಗೆ ಹೇಳಿದ್ದೇನೆ.