ಮೊಹರು ಮರೆತ ಮನುಷ್ಯ

ಹೋದ ವಾರ ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಫಾರ್ವರ್ಡ್ ಬಂತು. ಎರಡೆರಡು ಅಣುಬಾಂಬಿಗೂ ಜಗ್ಗದ ಗಟ್ಟಿ ಆಸಾಮಿ ಅಂತ ತಲೆಬರಹ, ಕೆಳಗೆ ನಗುವ ಇಮೋಜಿಗಳ ಸಾಲು. ಚಿಕ್ಕಪ್ಪ 'ಆಯಸ್ಸು ಗಟ್ಟಿ ಇದ್ರೆ ಹೀಗೆ ನೋಡಿ' ಅಂತ ಬರೆದರು. ಸುಳ್ಳು ಯಾಕೆ, ಮೊದಲ ಸಲ ಈ ಕಥೆ ಕೇಳಿದಾಗ ನಾನೂ ನಕ್ಕಿದ್ದೆ. ಆಮೇಲೆ ಆ ಮನುಷ್ಯನ ಬಗ್ಗೆ ಸ್ವಲ್ಪ ಓದಿದೆ.

ಹೆಸರು ತ್ಸುತೊಮು ಯಮಗುಚಿ. ನಾಗಸಾಕಿಯವರು, ಮಿತ್ಸುಬಿಷಿಯಲ್ಲಿ ಹಡಗಿನ ನಕ್ಷೆ ಬರೆಯುವ ಕೆಲಸ. ಕಂಪನಿ ಕೆಲಸದ ಮೇಲೆ ಮೂರು ತಿಂಗಳು ಹಿರೋಶಿಮಾದಲ್ಲಿದ್ದು, 1945ರ ಆಗಸ್ಟ್ 6ರ ಬೆಳಿಗ್ಗೆ ಇಬ್ಬರು ಸಹೋದ್ಯೋಗಿಗಳ ಜೊತೆ ಊರಿಗೆ ಹೊರಟಿದ್ದರು. ದಾರಿಯಲ್ಲಿ ನೆನಪಾಯಿತು, ಹೆಸರಿನ ಮೊಹರು ಮರೆತು ಬಂದಿದ್ದೇನೆ ಅಂತ. ನಾವು ಸಹಿ ಹಾಕುವ ಕಡೆ ಜಪಾನಿನವರು ಮೊಹರು ಒತ್ತುತ್ತಿದ್ದರು, ಆಗ ಅದಿಲ್ಲದೆ ಕಾಗದ ಮುಂದೆ ಹೋಗುತ್ತಿರಲಿಲ್ಲ. ವಾಪಸ್ ಹೋದರು. ಆಲೂಗಡ್ಡೆ ಹೊಲದ ಪಕ್ಕ ನಡೆದು ಹೋಗುವಾಗ ಆಕಾಶದಲ್ಲಿ ವಿಮಾನ ಕಂಡಿತು. ಗಂಟೆ 8.15. ಒಂದು ಮಿಂಚು, ಆಮೇಲೆ ಹೊಲದ ಮಣ್ಣಿನಲ್ಲಿ ಬಿದ್ದಿದ್ದರು. ಬಾಂಬು ಸಿಡಿದದ್ದು ಸುಮಾರು ಮೂರು ಕಿಲೋಮೀಟರ್ ದೂರದಲ್ಲಿ. ಆದರೂ ಮೈಯ ಎಡಭಾಗ ಸುಟ್ಟಿತು, ಕಿವಿಯ ತಮಟೆ ಹರಿಯಿತು.

ಮಾರನೇ ದಿನ ಹೆಣಗಳು ತೇಲುವ ನದಿ ದಾಟಿ ಸ್ಟೇಷನ್ ಸೇರಿದರು. ರೈಲು ಓಡುತ್ತಿತ್ತು! ನನಗೆ ನಂಬಲಾಗದ ಸಂಗತಿ ಇದೇ. 9ನೇ ತಾರೀಕು ಬ್ಯಾಂಡೇಜ್ ಸುತ್ತಿಕೊಂಡೇ ನಾಗಸಾಕಿಯ ಆಫೀಸಿಗೂ ಹೋದರು. ಒಂದೇ ಬಾಂಬು ಇಡೀ ಊರನ್ನು ಸುಟ್ಟಿತು ಅಂದರೆ ಮೇಲಧಿಕಾರಿ ನಂಬಲಿಲ್ಲ, ನಿನಗೆ ತಲೆ ಕೆಟ್ಟಿದೆ ಅಂತ ಬೈದರು. ಆ ಬೈಗುಳದ ಮಧ್ಯೆಯೇ ಕಿಟಕಿಯಲ್ಲಿ ಅದೇ ಬಿಳಿ ಬೆಳಕು. ಗಂಟೆ 11.02.

ಅವರ ಹೆಂಡತಿ ಆಗ ಮನೆಯಲ್ಲಿರಲಿಲ್ಲ. ಗಂಡನ ಸುಟ್ಟಗಾಯಕ್ಕೆ ಮುಲಾಮು ಹುಡುಕಿಕೊಂಡು ಕೂಸನ್ನು ಎತ್ತಿಕೊಂಡು ಹೊರಗೆ ಹೋಗಿದ್ದರು, ಒಂದು ಸುರಂಗ ಸಿಕ್ಕಿ ಬದುಕಿದರು.

ಇಲ್ಲಿಗೆ ಫಾರ್ವರ್ಡ್ ಮುಗಿಯುತ್ತೆ. ಇಮೋಜಿ. ಆದರೆ ಯಮಗುಚಿಯ ಕೂದಲು ಉದುರಿತು, ಆಮೇಲೆ ಹುಟ್ಟಿದ ಮಗಳಿಗೆ ಹನ್ನೆರಡು ವರ್ಷ ಆಗುವವರೆಗೂ ಅಪ್ಪ ಬ್ಯಾಂಡೇಜಿನಲ್ಲೇ ಇದ್ದರಂತೆ. ಸುರಂಗದಲ್ಲಿ ಅಮ್ಮನ ಜೊತೆ ಬದುಕಿದ ಆ ಗಂಡು ಕೂಸು 59 ವರ್ಷಕ್ಕೆ, 2005ರಲ್ಲಿ, ಕ್ಯಾನ್ಸರಿಗೆ ಹೋಯಿತು. ಯಮಗುಚಿ ಎರಡೂ ಕಡೆ ಸಿಕ್ಕಿಹಾಕಿಕೊಂಡಿದ್ದರು ಅಂತ ಸರ್ಕಾರದ ದಾಖಲೆ ಸಿಕ್ಕಿದ್ದು 2009ರಲ್ಲಿ. ಮರುವರ್ಷ ಜನವರಿಯಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡರು, ಹೊಟ್ಟೆಯ ಕ್ಯಾನ್ಸರ್.

ಇನ್ನು ಚಿಕ್ಕಪ್ಪನ ಆಯಸ್ಸಿನ ಮಾತಿಗೆ ಬರೋಣ. ಎರಡನೇ ಬಾಂಬಿನ ಮೊದಲ ಗುರಿ ನಾಗಸಾಕಿ ಅಲ್ಲವೇ ಅಲ್ಲ, ಕೊಕುರಾ ಅನ್ನೋ ಊರು. ವಿಮಾನ ಅದರ ಮೇಲೆ ಮೂರು ಸುತ್ತು ಬಂತು, ಮೋಡವೋ ಹೊಗೆಯೋ ಅಡ್ಡ ಬಂತು, ಗುರಿ ಕಾಣಲಿಲ್ಲ ಅಂತ ನಾಗಸಾಕಿಗೆ ತಿರುಗಿತು. ಕೊಕುರಾದವರಿಗೆ ಅದೃಷ್ಟ, ನಾಗಸಾಕಿಯವರ ಹಣೆಬರಹ, ಅಲ್ವಾ? ಆದರೆ ಸ್ವಲ್ಪ ಹಿಂದಕ್ಕೆ ಹೋದರೆ ಈ ಹಣೆಬರಹ ಬರೆದವರ ಹೆಸರೇ ಸಿಗುತ್ತೆ. ಬಾಂಬು ಹಾಕುವ ಊರುಗಳ ಪಟ್ಟಿ ಮಾಡಲು ಅಮೆರಿಕದಲ್ಲಿ ಒಂದು ಸಮಿತಿ ಇತ್ತು. ಪಟ್ಟಿಯಲ್ಲಿ ಜಪಾನಿನ ಹಳೇ ರಾಜಧಾನಿ ಕ್ಯೋಟೊ ಇತ್ತು. ಯುದ್ಧ ಮಂತ್ರಿ ಹೆನ್ರಿ ಸ್ಟಿಮ್ಸನ್ ಆ ಊರನ್ನು ಹಿಂದೆ ಕಣ್ಣಾರೆ ನೋಡಿದವರು, ಬೇಡವೇ ಬೇಡ ಅಂತ ಹಟ ಹಿಡಿದು ತೆಗೆಸಿದರು. ಜುಲೈ ಕೊನೆಗೆ ಅದರ ಬದಲಿಗೆ ನಾಗಸಾಕಿ ಪಟ್ಟಿಗೆ ಸೇರಿತು. ಪಟ್ಟಿಯ ಊರುಗಳಿಗೆ ಮಾಮೂಲಿ ಬಾಂಬು ಹಾಕಬೇಡಿ ಅಂತಲೂ ಹೇಳಿಟ್ಟಿದ್ದರು, ಹೊಸ ಬಾಂಬು ಎಷ್ಟು ಹಾಳು ಮಾಡುತ್ತೆ ಅಂತ ಚೆನ್ನಾಗಿ ಗೊತ್ತಾಗಲಿ ಅಂತ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ನಾಗಸಾಕಿಯಲ್ಲೂ ಮೋಡ ಇತ್ತು. ಬಾಂಬು ಅಂದುಕೊಂಡ ಜಾಗ ಬಿಟ್ಟು ಉರಕಾಮಿ ಕಣಿವೆಯ ಮೇಲೆ ಸಿಡಿಯಿತು. ಜಪಾನಿನ ಕ್ರೈಸ್ತರು ನೂರಾರು ವರ್ಷ ಕದ್ದು ಮುಚ್ಚಿ ಪ್ರಾರ್ಥನೆ ಮಾಡಿಕೊಂಡು ಉಳಿದುಕೊಂಡು ಬಂದ ಜಾಗ ಅದು. ಅಲ್ಲಿನ ದೊಡ್ಡ ಚರ್ಚು ನೆಲಕ್ಕೆ ಬಿತ್ತು, ಒಳಗಿದ್ದವರ ಸಮೇತ. ಆ ವರ್ಷದ ಕೊನೆಗೆ ಹಿರೋಶಿಮಾದಲ್ಲಿ ಸುಮಾರು 1.4 ಲಕ್ಷ, ನಾಗಸಾಕಿಯಲ್ಲಿ ಸುಮಾರು 70 ಸಾವಿರ ಜನ ಸತ್ತಿದ್ದರು. ಮೈ ಮೇಲೆ ಒಂದು ಗಾಯವೂ ಇಲ್ಲದವರಿಗೂ ಬಾಂಬಿನ ವಿಕಿರಣದಿಂದ ವಾರ ಕಳೆದ ಮೇಲೆ ಕೂದಲು ಉದುರಿ, ಒಸಡಿನಲ್ಲಿ ರಕ್ತ ಬಂದು, ಜೀವ ಹೋಗುತ್ತಿತ್ತು.

ಯುದ್ಧ ಬೇಗ ಮುಗಿಯಲು ಬಾಂಬು ಬೇಕಿತ್ತು ಅನ್ನುವವರು ಇದ್ದಾರೆ, ಜಪಾನಿನ ಸೈನ್ಯ ಚೀನಾದಲ್ಲಿ, ಕೊರಿಯಾದಲ್ಲಿ ಮಾಡಿದ್ದೂ ನನಗೆ ಗೊತ್ತು. ಆದರೆ ಹಿರೋಶಿಮಾದಲ್ಲಿ ಸತ್ತವರಲ್ಲಿ ದುಡಿಸಲು ಎಳೆದು ತಂದ ಕೊರಿಯಾದವರೇ ಸಾವಿರಾರು ಜನ. ಅವರ ಲೆಕ್ಕ ಯಾವ ಕಡೆಗೆ ಹಾಕೋದು?

ಇದನ್ನೆಲ್ಲ ಗ್ರೂಪಿನಲ್ಲಿ ಟೈಪ್ ಮಾಡುತ್ತಾ ಕೂತಿದ್ದೆ. ಅಷ್ಟರಲ್ಲಿ ಅತ್ತೆ ಗುಡ್ ಮಾರ್ನಿಂಗ್ ಗುಲಾಬಿ ಹಾಕಿದರು, ಅದರ ಹಿಂದೆ ಇನ್ನೊಂದು ಫಾರ್ವರ್ಡ್, ಮೆಂತ್ಯೆ ನೀರು ಕುಡಿದರೆ ಶುಗರ್ ಇಳಿಯುತ್ತೆ ಅಂತ. ಬರೆದದ್ದನ್ನು ಅಲ್ಲಿಂದ ಅಳಿಸಿ ಇಲ್ಲಿಗೆ ತಂದೆ.