ಫೋನಿನ ಅಸಿಸ್ಟೆಂಟ್‌ಗೆ ನಿಮ್ಮ ಮಾತು ಕೇಳಿಸದಿದ್ದಾಗ

“ಹೇ ಗೂಗಲ್” ಅಂದರೂ ಫೋನ್ ಸುಮ್ಮನಿರುತ್ತದೆ, ಇಲ್ಲವೇ ಹೇಳಿದ್ದು ಒಂದಾದರೆ ಬರೆದುಕೊಳ್ಳುವುದು ಇನ್ನೊಂದು. ಹೀಗಾದಾಗ ಎಷ್ಟೋ ಜನ ಸೀದಾ ಫ್ಯಾಕ್ಟರಿ ರೀಸೆಟ್‌ಗೆ ಕೈಹಾಕುತ್ತಾರೆ. ದಯವಿಟ್ಟು ಬೇಡ. ತೊಂದರೆ ಮೈಕಿನಲ್ಲಿದೆಯೋ, ಮೈಕಿನಿಂದ ಆ್ಯಪ್‌ಗೆ ಹೋಗುವ ದಾರಿಯಲ್ಲಿದೆಯೋ ಎಂಬುದನ್ನು ಮೊದಲು ತಿಳಿಯಬೇಕು. ಇಲ್ಲಿ ಹೇಳುತ್ತಿರುವುದು ಆಂಡ್ರಾಯ್ಡ್ ಫೋನ್‌ಗಳ ಬಗ್ಗೆ. ಸೆಟ್ಟಿಂಗ್‌ಗಳ ಹೆಸರು ಕಂಪನಿಯಿಂದ ಕಂಪನಿಗೆ ಸ್ವಲ್ಪ ಬದಲಾಗುತ್ತದೆ.

ಬ್ಲೂಟೂತ್ ಆಫ್ ಮಾಡಿ, ಇಯರ್‌ಫೋನ್ ತೆಗೆದು, ರೆಕಾರ್ಡರ್ ಆ್ಯಪ್‌ನಲ್ಲಿ 10 ಸೆಕೆಂಡ್ ಮಾತಾಡಿ, ಆ ರೆಕಾರ್ಡಿಂಗ್ ಹಾಕಿ ಕೇಳಿ. ಫೋನ್ ಬಾಯಿಂದ ಒಂದಡಿ ದೂರವಿರಲಿ, ಫ್ಯಾನಿನ ಗಾಳಿ ನೇರವಾಗಿ ಬಡಿಯದಿರಲಿ. ಆಮೇಲೆ ಒಂದು ಸಣ್ಣ ಸೆಲ್ಫಿ ವಿಡಿಯೊ ಮಾಡಿ ಅದರ ದನಿಯನ್ನೂ ಕೇಳಿ. ಎರಡೂ ಯಾಕೆಂದರೆ, ಈಗಿನ ಹೆಚ್ಚಿನ ಫೋನ್‌ಗಳಲ್ಲಿ ಕನಿಷ್ಠ ಎರಡು ಮೈಕ್ ಇರುತ್ತವೆ. ಮುಖ್ಯ ಮೈಕ್ ಕೆಳಗೆ ಚಾರ್ಜಿಂಗ್ ಪೋರ್ಟಿನ ಪಕ್ಕ, ಇನ್ನೊಂದು ಮೇಲಂಚಿನಲ್ಲಿ. ಸುತ್ತಲಿನ ಗದ್ದಲ ಎಷ್ಟೆಂದು ಅಳೆದು ಅದನ್ನು ಕಳೆಯಲು ಮೇಲಿನದು ನೆರವಾಗುತ್ತದೆ. ಕವರ್ ಅದನ್ನು ಮುಚ್ಚಿದ್ದರೆ, ಅಥವಾ ಕೆಳಗಿನ ತೂತಿನಲ್ಲಿ ದೂಳು ಕಟ್ಟಿದ್ದರೆ, ಈ ಲೆಕ್ಕ ತಪ್ಪಿ ನಿಮ್ಮ ದನಿಯೇ ಗದ್ದಲದ ಜೊತೆ ಕತ್ತರಿಸಿಹೋಗುತ್ತದೆ.

ರೆಕಾರ್ಡಿಂಗ್ ಮಂಕಾಗಿದ್ದರೆ ಮೊದಲು ಕವರ್ ಬಿಚ್ಚಿ ಮತ್ತೆ ಪರೀಕ್ಷಿಸಿ. ತೂತನ್ನು ಒಣಗಿದ ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ, ಫೋನನ್ನು ಕೆಳಮುಖವಾಗಿ ಹಿಡಿದು ಉಜ್ಜಿ. ಪಿನ್ನು ಹಾಕಲೇಬೇಡಿ. ತೂತಿನ ಹಿಂದೆ ತೆಳ್ಳನೆಯ ಜಾಲರಿ ಇರುತ್ತದೆ, ಅದು ಹರಿದರೆ ಮೈಕೇ ಹೋಗುತ್ತದೆ. ಕೆಲವು ಫೋನ್‌ಗಳಲ್ಲಿ ಸಿಮ್ ಟ್ರೇಯ ತೂತೂ ಮೈಕಿನ ತೂತೂ ಹತ್ತಿರ ಹತ್ತಿರವೇ ಇರುತ್ತವೆ, ಹಾಗಾಗಿ ಸಿಮ್ ತೆಗೆಯುವಾಗಲೂ ನೋಡಿ ಚುಚ್ಚಿ. ಇಷ್ಟಾದರೂ ಸರಿಹೋಗದಿದ್ದರೆ ರಿಪೇರಿಯೇ ಗತಿ. ಅನೇಕ ಫೋನ್‌ಗಳಲ್ಲಿ ಕೆಳಗಿನ ಮೈಕ್ ಮತ್ತು ಚಾರ್ಜಿಂಗ್ ಪೋರ್ಟ್ ಒಂದೇ ಸಣ್ಣ ಬೋರ್ಡಿನ ಮೇಲಿರುತ್ತವೆ. ಚಾರ್ಜಿಂಗೂ ಕೈಕೊಡುತ್ತಿದ್ದರೆ ಆ ಬೋರ್ಡನ್ನೇ ಬದಲಿಸಲು ಹೇಳಿ.

ವೈರ್ ಇಯರ್‌ಫೋನ್ ಬಳಸುವವರು ಪಿನ್ ನೋಡಿ. ಮೂರು ಗೆರೆ ಇದ್ದರೆ ಮೈಕ್ ಉಂಟು, ಎರಡೇ ಇದ್ದರೆ ಇಲ್ಲ. ಹಳೆಯ ಕೆಲವು ಹೆಡ್‌ಸೆಟ್‌ಗಳಲ್ಲಿ ಮೈಕಿನ ತಂತಿ ಮತ್ತು ಗ್ರೌಂಡ್ (ಎಲ್ಲಕ್ಕೂ ಸಾಮಾನ್ಯವಾದ ವಾಪಸು ತಂತಿ) ಅದಲುಬದಲಾಗಿರುತ್ತವೆ. ಹಾಡು ಟೊಳ್ಳಾಗಿ ಕೇಳಿಸಿ, ಹೆಡ್‌ಸೆಟ್ಟಿನ ಬಟನ್ ಒತ್ತಿ ಹಿಡಿದಾಗ ಮಾತ್ರ ಸರಿಯಾದರೆ ಅದೇ ಕಾರಣ.

ಇನ್ನು ರೆಕಾರ್ಡಿಂಗ್ ಸ್ವಚ್ಛವಾಗಿದ್ದೂ ಅಸಿಸ್ಟೆಂಟ್ ತಪ್ಪು ಮಾಡುತ್ತಿದ್ದರೆ ನನ್ನ ಮೊದಲ ಅನುಮಾನ ಬ್ಲೂಟೂತ್ ಮೇಲೆ. ಬ್ಯಾಗಿನಲ್ಲಿರುವ ಇಯರ್‌ಬಡ್‌ಗಳೋ, ಹೊರಗೆ ನಿಂತ ಕಾರೋ ಫೋನಿಗೆ ಕನೆಕ್ಟ್ ಆಗಿದ್ದರೆ ಅಸಿಸ್ಟೆಂಟ್ ಆ ಮೈಕನ್ನೇ ಕೇಳುತ್ತಿರಬಹುದು. ಕಿವಿಯಲ್ಲೇ ಇದ್ದರೂ ತೊಂದರೆ ತಪ್ಪಿದ್ದಲ್ಲ: ಬ್ಲೂಟೂತ್ ಮೈಕ್ ತೆರೆದ ಕೂಡಲೇ ಸಂಪರ್ಕ ಕರೆಯ ಮೋಡ್‌ಗೆ ಇಳಿಯುತ್ತದೆ. ಹಳೆಯ ಕೋಡೆಕ್‌ನಲ್ಲಿ (ದನಿಯನ್ನು ಅಂಕೆಗಳಾಗಿ ಕುಗ್ಗಿಸಿ ಕಳಿಸುವ ವಿಧಾನ) ದನಿಯನ್ನು ಸೆಕೆಂಡಿಗೆ 8000 ಬಾರಿ ಅಳೆಯುತ್ತಾರೆ, ಹಾಗಾಗಿ ಅದರ ಅರ್ಧ, ಅಂದರೆ 4000 ಹರ್ಟ್ಸ್‌ಗಿಂತ (ಸೆಕೆಂಡಿಗೆ 4000 ಕಂಪನ) ಮೇಲಿನದೆಲ್ಲ ನಷ್ಟ. ‘ಸ’ಕಾರದ ಬಹುಪಾಲು ಶಕ್ತಿ ಇರುವುದೇ ಅದರ ಮೇಲೆ, ಆದ್ದರಿಂದ ‘ಸ’, ‘ಫ’ ಒಂದರಂತೆ ಇನ್ನೊಂದು ಕೇಳಿಸುತ್ತದೆ. ಬ್ಲೂಟೂತ್ ಪಟ್ಟಿಯಲ್ಲಿ ಆ ಸಾಧನದ ಪಕ್ಕದ ಗಿಯರ್ ಚಿಹ್ನೆ ಒತ್ತಿ, ಫೋನ್ ಕರೆಗಳ ಸ್ವಿಚ್ ಆಫ್ ಮಾಡಿ, ಮೀಡಿಯಾ ಆಡಿಯೊ ಹಾಗೇ ಬಿಡಿ. ಹಾಡು ಅಲ್ಲಿ, ಮೈಕ್ ಫೋನಿನದು. ಕರೆಗಳು ಆಗ ಫೋನಿನಲ್ಲೇ ಕೇಳಿಸುತ್ತವೆ, ನೆನಪಿರಲಿ.

ಮುಂದಿನದು ಅನುಮತಿ. 2021ರ ಆಂಡ್ರಾಯ್ಡ್ 12ರಿಂದ ಕ್ವಿಕ್ ಸೆಟ್ಟಿಂಗ್ಸ್‌ನಲ್ಲಿ (ಪರದೆಯನ್ನು ಮೇಲಿಂದ ಕೆಳಗೆಳೆದಾಗ ಬರುವ ಬಟನ್‌ಗಳು) ಇಡೀ ಫೋನಿನ ಮೈಕ್ ಬಂದ್ ಮಾಡುವ ಟೈಲ್ ಇದೆ. ಕೈತಾಗಿ ಮೈಕ್ ಬಂದ್ ಆಗಿದೆಯೇ ನೋಡಿ. ನಂತರ ಸೆಟ್ಟಿಂಗ್ಸ್, ಆ್ಯಪ್ಸ್, ಗೂಗಲ್, ಪರ್ಮಿಷನ್ಸ್, ಮೈಕ್ರೊಫೋನ್‌ಗೆ ಹೋಗಿ ಅನುಮತಿ ಕೊಟ್ಟಿದೆಯೇ ನೋಡಿ. ಮೇಲೆ ಬಲಗಡೆ ಹಸಿರು ಚುಕ್ಕೆ ಹೋಗದೆ ಉಳಿದಿದ್ದರೆ ಬೇರಾವುದೋ ಆ್ಯಪ್ ಮೈಕನ್ನೋ ಕ್ಯಾಮೆರಾವನ್ನೋ ಹಿಡಿದಿದೆ ಎಂದರ್ಥ. ಪರದೆ ಕೆಳಗೆಳೆದು ಚುಕ್ಕೆಯನ್ನು ಒತ್ತಿದರೆ ಯಾವುದೆಂದು ಗೊತ್ತಾಗುತ್ತದೆ, ಅದನ್ನು ಮುಚ್ಚಿ.

ಮೈಕ್ ಚಿಹ್ನೆ ಒತ್ತಿದಾಗ ಕೆಲಸ ಮಾಡಿ, ಕರೆದಾಗ ಮಾತ್ರ ಏಳದಿದ್ದರೆ ಅದು ವಾಯ್ಸ್ ಮ್ಯಾಚ್ (ನಿಮ್ಮ ದನಿ ಗುರುತಿಸಿ ಏಳುವ ಸೌಲಭ್ಯ) ವಿಷಯ. ಬ್ಯಾಟರಿ ಸೇವರ್ ಆಫ್ ಮಾಡಿ, ಗೂಗಲ್ ಆ್ಯಪ್‌ಗೆ ಬ್ಯಾಟರಿ ನಿರ್ಬಂಧ ತೆಗೆಯಿರಿ. ಧ್ವನಿ ಮಾದರಿಯನ್ನು ಹೊಸದಾಗಿ ಕೊಡಿ, ಆದರೆ ದಿನನಿತ್ಯ ಮಾತಾಡುವ ದನಿಯಲ್ಲೇ. ಸ್ಪಷ್ಟವಾಗಲಿ ಎಂದು ಎಳೆದೆಳೆದು ಹೇಳಿದರೆ ಆಮೇಲೆ ನಿಮ್ಮ ಸಹಜ ದನಿ ಅದಕ್ಕೆ ಹೊಂದುವುದಿಲ್ಲ.

ಕನ್ನಡದಲ್ಲಿ ಹೇಳಿದ್ದು ಅರ್ಥವಿಲ್ಲದ ಇಂಗ್ಲಿಷ್ ಪದಗಳಾಗಿ ಬಂದರೆ ಮೈಕಿನ ತಪ್ಪಲ್ಲ. ಅಸಿಸ್ಟೆಂಟ್‌ನ ಭಾಷೆಗಳಲ್ಲಿ ಕನ್ನಡ ಸೇರಿಸಿ. ಕೀಬೋರ್ಡ್‌ನ ವಾಯ್ಸ್ ಟೈಪಿಂಗ್ ಭಾಷೆ ಬೇರೆ ಸೆಟ್ಟಿಂಗ್, ಅಲ್ಲೂ ಸೇರಿಸಬೇಕು.

ಉತ್ತರ ಪರದೆಯಲ್ಲಿ ಬಂದು ದನಿ ಮಾತ್ರ ಬಾರದಿದ್ದರೆ, ಅಸಿಸ್ಟೆಂಟ್ ಮಾತಾಡುತ್ತಿರುವಾಗಲೇ ವಾಲ್ಯೂಮ್ ಬಟನ್ ಒತ್ತಿ. ರಿಂಗ್‌ಟೋನ್ ಜೋರು ಮಾಡಿದರೆ ಅದು ಹೆಚ್ಚಾಗುವುದಿಲ್ಲ. ಸೆಟ್ಟಿಂಗ್ಸ್‌ನ ಹುಡುಕಾಟದಲ್ಲಿ ಟೆಕ್ಸ್ಟ್ ಟು ಸ್ಪೀಚ್ (ಬರಹವನ್ನು ಓದಿ ಹೇಳುವ ವ್ಯವಸ್ಥೆ) ಎಂದು ಹುಡುಕಿ, ಗೂಗಲ್ ಎಂಜಿನ್ ಆಯ್ಕೆ ಮಾಡಿ, ಕನ್ನಡದ ಧ್ವನಿ ಡೇಟಾ ಡೌನ್‌ಲೋಡ್ ಮಾಡಿ ಪ್ಲೇ ಒತ್ತಿ ನೋಡಿ.